ಹದಿನಾಲ್ಕನೇ ಕಾಲಂ

ನಮ್ಮ ಶಿಕ್ಷಣ ಕಚೇರಿಯಲ್ಲಿ ಎಲ್ಲರೂ ಅವರನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಶೇಕಡಾ ಅಕ್ಕ. ಅದು ಅವರ ಕಿವಿಗೂ ಬಿದ್ದಿತ್ತು. "ಇದಕ್ಕಿಂತ ಕೆಟ್ಟ ಹೆಸರು ಇಡಬಹುದಿತ್ತು, ಪಾಪ, ಕನಿಕರ ತೋರ್ಸಿದ್ದಾರೆ" ಎಂದು ನಗುತ್ತಿದ್ದರು. ನಾನು ಅವರ ಎದುರು ಮೇಜಿನಲ್ಲಿ ಹದಿನಾರು ವರ್ಷ ಕೂತವಳು. ಕಂಪ್ಯೂಟರ್ ನನ್ನದು, ಅಂಕಿ ಅವರದು. ನನಗೆ ನಲವತ್ತು ದಾಟಿ ತಲೆ ಅರ್ಧ ಬೆಳ್ಳಗಾದರೂ ಅವರ ಬಾಯಲ್ಲಿ ನಾನು ಹುಡುಗಿಯೇ.

ನಮ್ಮ ಕಚೇರಿಯ ಕೆಳಗೆ ಮೂವತ್ತಾರು ಪ್ರೌಢಶಾಲೆಗಳಿದ್ದವು. ಹತ್ತನೇ ತರಗತಿಯ ಅಂತಿಮ ಪರೀಕ್ಷೆಯ ಫಲಿತಾಂಶ ಬಂದ ವಾರದೊಳಗೆ ಎಲ್ಲ ಶಾಲೆಗಳೂ ಒಂದು ನಮೂನೆ ತುಂಬಿ ಕಳಿಸಬೇಕು: ಎಷ್ಟು ಮಕ್ಕಳು ಪರೀಕ್ಷೆ ಬರೆದರು, ಎಷ್ಟು ಪಾಸು, ಯಾವ ವಿಷಯದಲ್ಲಿ ಎಷ್ಟು ಫೇಲು. ಅದನ್ನೆಲ್ಲ ಕೂಡಿ ಕಳೆದು ಶೇಕಡಾ ತೆಗೆದು ಮೂರು ಪಟ್ಟಿ ಮಾಡುವುದು ಅಕ್ಕನ ಕೆಲಸ. ಎಪ್ಪತ್ತೈದು ಇಲ್ಲವೇ ಅದಕ್ಕಿಂತ ಮೇಲಿದ್ದರೆ ಹಸಿರು, ನಲವತ್ತಕ್ಕಿಂತ ಕೆಳಗಿದ್ದರೆ ಕೆಂಪು, ನಡುವಿನವು ಹಳದಿ. ಹಸಿರಿನವರಿಗೆ ಪ್ರಶಂಸಾ ಪತ್ರ, ಕೆಂಪಿನವರಿಗೆ ನೋಟಿಸು. ಸತತ ಮೂರು ವರ್ಷ ಕೆಂಪಿನಲ್ಲಿದ್ದ ಶಾಲೆಯನ್ನು ಮುಚ್ಚಿ ಪಕ್ಕದ ಶಾಲೆಗೆ ಸೇರಿಸಬೇಕೆಂಬುದು ನಿಯಮ. ಕೇಳಲು ಎಷ್ಟು ಸಲೀಸಾಗಿದೆ ನೋಡಿ. ನಮಗೂ ಹಾಗೆಯೇ ಅನ್ನಿಸುತ್ತಿತ್ತು.

ಅಕ್ಕ ಕಂಪ್ಯೂಟರನ್ನು ನಂಬುತ್ತಿರಲಿಲ್ಲ. ನಾನು ಒಂದು ಗುಂಡಿ ಒತ್ತಿ ತೆಗೆದ ಶೇಕಡಾವನ್ನು ಅವರು ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಂಡು, ಪೆನ್ಸಿಲಿನಲ್ಲಿ ಭಾಗಿಸಿ, ತುಟಿ ಆಡಿಸುತ್ತ ಮತ್ತೆ ತಾಳೆ ನೋಡುತ್ತಿದ್ದರು. "ಅಕ್ಕ, ಅದು ಯಂತ್ರ, ತಪ್ಪಲ್ಲ" ಎಂದು ನಾನು ಸಿಡುಕಿದರೆ, "ಯಂತ್ರ ತಪ್ಪಲ್ಲ ಕಣೇ, ಅದಕ್ಕೆ ತಿನ್ನಿಸಿದ ನೀನು ತಪ್ಪಿರಬಹುದಲ್ಲ" ಎನ್ನುವರು. ಮೈಯೆಲ್ಲ ಉರಿಯುತ್ತಿತ್ತು ನನಗೆ. ಆದರೆ ವರ್ಷಕ್ಕೆ ಒಂದೆರಡು ತಪ್ಪಾದರೂ ಸಿಕ್ಕೇ ಸಿಗುತ್ತಿದ್ದವು, ಅವೆಲ್ಲ ನನ್ನವೇ.

ಮನೆಯಲ್ಲೂ ಅದೇ ಚಾಳಿ. ಒಂದು ಮದುವೆಗೆ ಇಬ್ಬರೂ ಹೋಗಿದ್ದೆವು. ಕೂತು ಐದು ನಿಮಿಷವಾಗಿರಲಿಲ್ಲ, ನನ್ನ ಕಿವಿಯಲ್ಲಿ, "ನೂರಿಪ್ಪತ್ತು ಕುರ್ಚಿ, ತೊಂಬತ್ತು ತುಂಬಿವೆ, ಎಪ್ಪತ್ತೈದು. ಹಸಿರು" ಎಂದರು. ಅವರ ಯಜಮಾನರು ಟೈಲರು, ಮನೆಯ ಮುಂದಿನ ಕೋಣೆಯೇ ಅಂಗಡಿ. ಮಗಳು ಶಾಲೆಯಲ್ಲಿದ್ದಾಗ ಎರಡನೇ ಸ್ಥಾನ ಬಂತೆಂದು ಕುಣಿಯುತ್ತ ಬಂದರೆ ಅಕ್ಕ ಮೊದಲು ಕೇಳಿದ್ದು, "ಎಷ್ಟು ಜನ ಬರೆದಿದ್ರು?" ಅಂತೆ. ಮಗಳು ಈಗ ನರ್ಸು, ಬೇರೆ ಊರಿನಲ್ಲಿದ್ದಾಳೆ. ಫೋನಿನಲ್ಲಿ ಅವಳು ಇವತ್ತಿಗೂ ಅದನ್ನೇ ಹೇಳಿ ಅಮ್ಮನನ್ನು ಕಾಡಿಸುತ್ತಾಳೆ.

ಅಕ್ಕನ ನಿವೃತ್ತಿಗೆ ಒಂದು ವರ್ಷ ಎರಡು ತಿಂಗಳು ಉಳಿದಿದ್ದಾಗ, ಪಟ್ಟಣದ ಅಂಚಿನ ಒಂದು ಸಣ್ಣ ಶಾಲೆ ಮೂರನೇ ವರ್ಷವೂ ಕೆಂಪು ಪಟ್ಟಿಗೆ ಬಂತು. ಇಪ್ಪತ್ತಮೂರು ಮಕ್ಕಳು ಬರೆದಿದ್ದರು, ಎಂಟು ಪಾಸು. ಹತ್ತು ದಿನದಲ್ಲಿ ಫಲಿತಾಂಶ ಪರಿಶೀಲನಾ ಸಭೆ, ಅಲ್ಲಿ ಮುಚ್ಚುವ ಆದೇಶಕ್ಕೆ ಸಹಿ ಬೀಳಬೇಕು. ಅದಕ್ಕೆ ಮೊದಲು ಯಾರಾದರೂ ಹೋಗಿ ಕೋಣೆ, ಬೆಂಚು, ಕಪಾಟು ಲೆಕ್ಕ ಹಾಕಿಕೊಂಡು ಬರಬೇಕು. ಹೋಗಬೇಕಾದ ಇನ್‌ಸ್ಪೆಕ್ಟರು ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದರು. ನಮ್ಮ ಸಾಹೇಬರು, ಅಂದರೆ ಕಚೇರಿಯ ಹಿರಿಯ ಅಧಿಕಾರಿ, "ಅಕ್ಕ, ಬೇಜಾರು ಮಾಡ್ಕೋಬೇಡಿ, ನೀವೇ ಒಂದ್ಸಲ ಹೋಗಿಬನ್ನಿ" ಎಂದರು. ಜೊತೆಗೆ ನನ್ನನ್ನೂ ಅಂಟಿಸಿದರು. ಉರಿಬಿಸಿಲಿನಲ್ಲಿ ಎರಡು ಬಸ್ಸು ಬದಲಿಸಿ ಹೋಗಬೇಕಾಯಿತು. ನಾನು ದಾರಿಯುದ್ದಕ್ಕೂ ಗೊಣಗಿದೆ, ಮುಚ್ಚೋ ಶಾಲೆಯ ಬೆಂಚು ಎಣಿಸೋದಕ್ಕೆ ಇಬ್ಬರು ಬೇಕೇ ಎಂದು.

ಶಾಲೆ ಮರ ಕೊಯ್ಯುವ ಕಾರ್ಖಾನೆಯ ಬೆನ್ನಿಗಿತ್ತು. ಮೂರು ಕೋಣೆ, ಒಂದು ಉದ್ದನೆಯ ಜಗಲಿ. ಗರಗಸ ತಿರುಗಿದಾಗಲೆಲ್ಲ ಪಾಠ ಹೇಳುವವರು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ನಿಂತ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಮಕ್ಕಳೂ ಅಷ್ಟು ಹೊತ್ತು ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಐವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು, ಮೊಣಕೈವರೆಗೂ ಸೀಮೆಸುಣ್ಣ. ನಾವು ಯಾಕೆ ಬಂದಿದ್ದೇವೆಂದು ಹೇಳುವ ಅಗತ್ಯವೇ ಬೀಳಲಿಲ್ಲ.

"ಇಪ್ಪತ್ತೆರಡು ಬೆಂಚು. ಎರಡರ ಕಾಲು ಮುರಿದಿದೆ, ಅದನ್ನೂ ಬರ್ಕೊಳಿ, ಆಮೇಲೆ ನಾನು ಮುರಿದೆ ಅನ್ನೋದು ಬೇಡ" ಎಂದರು.

ಬರೆದುಕೊಂಡು ಎದ್ದು ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಕ್ಕನಿಗೆ ಕಂಡ ಪುಸ್ತಕವನ್ನು ಬಿಡಿಸಿ ನೋಡದಿದ್ದರೆ ಕೈ ಸುಮ್ಮನಿರದು. ಮೇಜಿನ ಮೇಲಿದ್ದ ದಾಖಲಾತಿ ಪುಸ್ತಕವನ್ನು ಎಳೆದುಕೊಂಡರು. ಬೆರಳು ಸಾಲುಸಾಲಾಗಿ ಇಳಿಯುತ್ತ ಹೋಗಿ ಒಂದು ಕಡೆ ನಿಂತಿತು, ಮತ್ತೆ ಮೇಲೆ ಹೋಯಿತು. 'ಹಿಂದೆ ಓದಿದ ಶಾಲೆ' ಎಂಬಲ್ಲಿ ಒಂದೇ ಶಾಲೆಯ ಹೆಸರು ಒಂಬತ್ತು ಸಲ ಇತ್ತು. ಅದು ನಮ್ಮ ನೂರರ ಮೇಷ್ಟ್ರ ಶಾಲೆ. ಸತತ ಆರು ವರ್ಷ ನೂರಕ್ಕೆ ನೂರು ಫಲಿತಾಂಶ ತಂದ ಮುಖ್ಯೋಪಾಧ್ಯಾಯರು ಅವರು. ಸನ್ಮಾನದ ಫೋಟೋ ನಮ್ಮ ಕಚೇರಿಯ ಗೋಡೆಯಲ್ಲೇ ತೂಗುತ್ತಿತ್ತು, ಪ್ರಶಂಸಾ ಪತ್ರ ವರ್ಷವರ್ಷವೂ ಟೈಪು ಮಾಡುತ್ತಿದ್ದವಳು ನಾನು.

"ಇವರೆಲ್ಲ ಅಷ್ಟು ಒಳ್ಳೇ ಶಾಲೆ ಬಿಟ್ಟು ಇಲ್ಲಿಗ್ಯಾಕೆ ಬಂದ್ರು?" ಅಕ್ಕ ಕೇಳಿದರು.

"ಬಿಟ್ಟು ಬರಲಿಲ್ಲ ಅಕ್ಕ, ಕಳಿಸಿಬಿಟ್ರು. ಒಂಬತ್ತನೇ ಕ್ಲಾಸು ಮುಗಿಯೋ ಹೊತ್ತಿಗೆ ಅಪ್ಪ ಅಮ್ಮನ್ನ ಕರೆಸ್ತಾರೆ. ನಿಮ್ಮ ಮಗು ಪಾಸಾಗಲ್ಲ, ಸುಮ್ನೆ ಯಾಕೆ ಅವಮಾನ, ವರ್ಗಾವಣೆ ಪತ್ರ ತಗೊಂಡುಬಿಡಿ ಅಂತಾರೆ. ಅವರೊಬ್ಬರೇ ಅಲ್ಲ, ಸುಮಾರು ಜನ ಹಾಗೇ ಮಾಡ್ತಾರೆ. ಹತ್ತನೇ ಕ್ಲಾಸಿಗೆ ಅಂಥಾ ಮಕ್ಕಳನ್ನ ಬೇರೆ ಯಾರೂ ಸೇರಿಸ್ಕೊಳ್ಳಲ್ಲ. ನಾನು ಸೇರಿಸ್ಕೊಳ್ತೀನಿ."

"ಹಾಗೆ ಮಾಡಿದ್ರೆ ನಿಮ್ಮ ರಿಸಲ್ಟು ಬೀಳತ್ತಲ್ಲ."

"ಬಿದ್ದಿದೆಯಲ್ಲ, ಅದಕ್ಕೇ ತಾನೇ ನೀವು ಬಂದಿರೋದು." ಗರಗಸ ಶುರುವಾಯಿತು. ಅವರು ಕಾದರು. ನಿಂತ ಮೇಲೆ ಹೇಳಿದರು: "ಎಂಟು ಜನ ಪಾಸಾದ್ರಲ್ಲ, ಅದರಲ್ಲಿ ಐದು ಜನ ಪಾಸಾಗಲ್ಲ ಅಂತ ಕಳಿಸಿದ್ದ ಮಕ್ಕಳೇ. ಈ ಶಾಲೆ ಮುಚ್ಚಿದ್ರೆ ನನಗೇನು, ಇನ್ನೊಂದು ಕಡೆ ಹಾಕ್ತೀರಿ. ಇವರು ಎಲ್ಲಿಗೆ ಹೋಗ್ತಾರೆ ಅನ್ನೋದೇ ನನ್ನ ಚಿಂತೆ."

"ಇಷ್ಟು ವರ್ಷ ನಮಗ್ಯಾಕೆ ತಿಳಿಸಲಿಲ್ಲ ನೀವು?"

"ಎರಡು ಸಲ ಬರೆದೆ ಅಕ್ಕ. ನಿಗದಿತ ನಮೂನೆಯಲ್ಲೇ ಮಾಹಿತಿ ಕಳಿಸಿ ಅಂತ ಉತ್ತರ ಬಂತು. ನಿಮ್ಮ ನಮೂನೆಯಲ್ಲಿ ಇದನ್ನ ಬರೆಯೋಕೆ ಜಾಗ ಎಲ್ಲಿದೆ?"

ಆ ಉತ್ತರ ಟೈಪು ಮಾಡಿದವಳೂ ನಾನೇ. ಅಕ್ಕ ಪುಸ್ತಕ ಮುಚ್ಚಿ, ನೀರು ಕೇಳಿ ಕುಡಿದು, ಎದ್ದರು. ವಾಪಸ್ಸು ಹೊರಟೆವು. ಎರಡನೇ ಬಸ್ಸು ಅರ್ಧ ದಾರಿ ಬಂದ ಮೇಲೆ ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ಜಾಗ ಇತ್ತು ಕಣೇ. ತೆಗೆದೋಳು ನಾನೇ."

ನನಗೂ ನೆನಪಾಯಿತು. ಹನ್ನೊಂದು ವರ್ಷದ ಹಿಂದಿನ ಮಾತು. ಕಚೇರಿಗೆ ಹೊಸ ಪ್ರಿಂಟರ್ ಬಂದಿತ್ತು, ಹಳೆಯದರಂತೆ ಅಗಲದ ಹಾಳೆ ಹಿಡಿಯುತ್ತಿರಲಿಲ್ಲ. ನಮ್ಮ ನಮೂನೆಯಲ್ಲಿ ಹದಿನಾಲ್ಕು ಕಾಲಂ, ಹಾಳೆಗೆ ಹಿಡಿಸಿದ್ದು ಹದಿಮೂರು. ಕೊನೆಯ ಕಾಲಂ ಪ್ರತಿ ಸಲವೂ ಬೇರೆ ಹಾಳೆಯಲ್ಲಿ ಒಂಟಿಯಾಗಿ ಬರುತ್ತಿತ್ತು. ನಾನು ರೋಸಿಹೋಗಿ, "ಅಕ್ಕ, ಇದನ್ನ ತೆಗೆದುಬಿಡೋಣ" ಎಂದಿದ್ದೆ. ಅದು 'ಕಳೆದ ವರ್ಷ ಒಂಬತ್ತನೇ ತರಗತಿಯಲ್ಲಿದ್ದ ಮಕ್ಕಳ ಸಂಖ್ಯೆ'. ಆ ಸಂಖ್ಯೆ ಹೇಗೂ ವರ್ಷದ ನಡುವೆ ಬರುವ ಹಾಜರಾತಿ ಪಟ್ಟಿಯಲ್ಲಿ ಇರುತ್ತದೆ, ಬೇಕಾದಾಗ ಅಲ್ಲಿ ನೋಡಿಕೊಂಡರಾಯಿತು ಎಂದು ಅಕ್ಕ ಒಪ್ಪಿದರು. ನಾನು ಗುಂಡಿ ಒತ್ತಿದೆ. ಆಮೇಲೆ ಆ ಪಟ್ಟಿಯನ್ನು ಯಾರು ನೋಡಿದರು? ಯಾರೂ ಇಲ್ಲ. ಒಂಬತ್ತರಲ್ಲಿ ಎಷ್ಟಿದ್ದರು, ಹತ್ತರಲ್ಲಿ ಎಷ್ಟಾದರು ಎಂದು ಕೇಳುವವರೇ ಇಲ್ಲವೆಂಬುದು ಒಂದೆರಡು ವರ್ಷದಲ್ಲಿ ಶಾಲೆಗಳಿಗೆ ಗೊತ್ತಾಗಿಹೋಯಿತು. ಕೆಂಪು ಪಟ್ಟಿಯ ಭಯ ಒಂದು ಕಡೆ, ಕೇಳುವವರಿಲ್ಲದ ಧೈರ್ಯ ಇನ್ನೊಂದು ಕಡೆ.

ಮರುದಿನದಿಂದ ಅಕ್ಕ ಗೋದಾಮಿನ ಬೀಗದ ಕೈ ಇಸಿದುಕೊಂಡು ಹಳೆಯ ಹಾಜರಾತಿ ಪಟ್ಟಿಗಳ ಕಟ್ಟುಗಳನ್ನು ಹೊರಗೆಳೆದರು. ಧೂಳಿಗೆ ನನಗೆ ಸೀನು ನಿಲ್ಲದು. ಅವರು ಓದಿದರು, ನಾನು ಒತ್ತಿದೆ. ಹೆಸರಿಗೆ ಹೆಸರು ತಾಳೆ ನೋಡಿದೆವು. ಊರು ಬಿಟ್ಟು ಹೋದವರನ್ನು, ಬೇರೆ ಶಾಲೆಯಿಂದ ಪರೀಕ್ಷೆ ಬರೆದವರನ್ನು ಕಳೆದೆವು. ಸಭೆಯ ಹಿಂದಿನ ದಿನ ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಮೊತ್ತ ಬಂತು. ಹನ್ನೊಂದು ವರ್ಷದಲ್ಲಿ ಒಂಬತ್ತನೇ ತರಗತಿಯಲ್ಲಿದ್ದು, ಎಲ್ಲೂ ಪರೀಕ್ಷೆಗೆ ಕೂರದೆ ಹೋದವರು ಒಂದು ಸಾವಿರದ ಮುನ್ನೂರ ಹನ್ನೆರಡು. ನೂರರ ಮೇಷ್ಟ್ರ ಶಾಲೆಯಲ್ಲಿ ಹಿಂದಿನ ವರ್ಷ ಒಂಬತ್ತರಲ್ಲಿದ್ದವರು ಐವತ್ತೆಂಟು, ಈ ವರ್ಷ ಪರೀಕ್ಷೆ ಬರೆದವರು ನಲವತ್ತೊಂದು. ಅಕ್ಕ ಡಬ್ಬಿಯನ್ನು ಮತ್ತೆ ಮುಚ್ಚಿಟ್ಟರು. ಅವತ್ತು ಊಟ ಮಾಡಲಿಲ್ಲ.

ಸಂಜೆ ಅವರ ಮನೆಗೆ ಕಾಗದ ಹೊತ್ತುಕೊಂಡು ಹೋಗಿದ್ದೆ. ಯಜಮಾನರು ಒಂದು ಅಂಗಿಯ ತೋಳು ಬಿಚ್ಚುತ್ತ ಕೂತಿದ್ದರು. ಅಕ್ಕ ಎಲ್ಲ ಹೇಳಿದರು, ಒಂದನ್ನೂ ಮುಚ್ಚಿಡದೆ. ಅವರು ಸೂಜಿಯನ್ನು ತುಟಿಯಿಂದ ತೆಗೆದು, "ಬಟ್ಟೆ ಸಾಲದೆ ಹೋದ್ರೆ ನಾವು ತೋಳು ಗಿಡ್ಡ ಮಾಡ್ತೀವಿ ಮಾರಾಯ್ತಿ, ಹಾಕ್ಕೊಳ್ಳೋರ ಕೈ ಕತ್ತರಿಸಲ್ಲ" ಎಂದರು. ನಾನು ಬೆಚ್ಚಿದೆ, ಇಂಥ ಹೊತ್ತಿನಲ್ಲಿ ಇದೆಂಥ ಮಾತು ಎಂದು. ಅಕ್ಕ ಮಾತ್ರ ತಲೆಯಾಡಿಸಿದರು. "ನಾಳೆ ಸಭೇಲಿ ಹೇಳ್ತೀನಿ" ಎಂದರು. "ಹೇಳು. ಆದ್ರೆ ಪ್ರಿಂಟರ್ ಮೇಲೆ ಹಾಕಬೇಡ" ಎಂದರು ಯಜಮಾನರು.

ನಾನು ಒಳಗೊಳಗೇ ಬೇಡಿಕೊಂಡೆ, ಹೇಳದೆ ಇರಲಿ ಎಂದು. ಮೂವತ್ತನಾಲ್ಕು ವರ್ಷದ ಸೇವೆ, ಸೇವಾ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆಯಿಲ್ಲ. ಗುಂಡಿ ಒತ್ತಿದ ಬೆರಳು ನನ್ನದಾದ್ದರಿಂದ ನನಗೂ ಪುಕುಪುಕು. ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ಶಾಲೆಗಿಂತ ಹೆಚ್ಚಾಗಿ ನನ್ನ ಚಿಂತೆಯೇ ನನಗಿತ್ತು.

ಸಭೆಯಲ್ಲಿ ಮೂವತ್ತಾರು ಮುಖ್ಯೋಪಾಧ್ಯಾಯರು ಪಟ್ಟಿಯ ಕ್ರಮದಲ್ಲೇ ಕೂರುತ್ತಾರೆ, ಹಸಿರು ಮುಂದೆ, ಕೆಂಪು ಹಿಂದೆ. ಸಾಹೇಬರು ಪ್ರಶಂಸೆ ಮುಗಿಸಿ, ಕೆಂಪಿನವರನ್ನು ವಿಚಾರಿಸಿ, ಕೊನೆಗೆ ಸಣ್ಣ ಶಾಲೆಯ ಫೈಲು ತೆರೆದರು. ಸಹಿಗೆ ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದರು. ಯಾವಾಗಲೂ ಪಕ್ಕದಲ್ಲಿ ಕೂತು ಕಾಗದ ಕೊಡುವ ಅಕ್ಕ ಎದ್ದು ನಿಂತರು.

"ಸರ್, ಈ ಶಾಲೆ ಕೆಂಪಿಗೆ ಬರೋಕೆ ಅವರ ಪಾಠ ಕಾರಣ ಅಲ್ಲ. ನನ್ನ ನಮೂನೆ ಕಾರಣ."

ಆಮೇಲೆ ಎಲ್ಲವನ್ನೂ ಹೇಳಿದರು, ಶೇಕಡಾ ಓದುವ ಅದೇ ಸಮದನಿಯಲ್ಲಿ. ಪ್ರಿಂಟರಿನ ಹೆಸರೆತ್ತಲಿಲ್ಲ. ನನ್ನ ಹೆಸರಂತೂ ಎತ್ತಲೇ ಇಲ್ಲ. ಸಾವಿರದ ಮುನ್ನೂರ ಹನ್ನೆರಡು ಹೆಸರಿನ ಕಟ್ಟನ್ನು ಸಾಹೇಬರ ಮುಂದಿಟ್ಟರು. ಮುಂದಿನ ಸಾಲಿನಲ್ಲಿ ಹಲವರು ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು.

ಸಾಹೇಬರು ಕೆಟ್ಟವರಲ್ಲ, ದಣಿದವರು. ಬಹಳ ಹೊತ್ತು ಪುಟ ತಿರುವಿದರು. "ಅಕ್ಕ, ಈ ಲೆಕ್ಕದಲ್ಲಿ ನಮ್ಮ ಫಲಿತಾಂಶ ಎಷ್ಟಾಗತ್ತೆ?"

"ಎಂಬತ್ತೊಂದು ಇದ್ದದ್ದು ಎಪ್ಪತ್ತಮೂರು ಸರ್. ಕಚೇರಿಗಳ ಪಟ್ಟೀಲಿ ಮೂರನೇ ಸ್ಥಾನದಲ್ಲಿರೋರು ಹತ್ತೊಂಬತ್ತಕ್ಕೆ ಹೋಗ್ತೀವಿ."

"ಬೇರೆ ಕಚೇರಿಯೋರು ಯಾರೂ ಹೀಗೆ ಲೆಕ್ಕ ಹಾಕಲ್ಲ. ನಾವು ಮಾತ್ರ ಯಾಕೆ ಮೈಮೇಲೆ ಎಳ್ಕೋಬೇಕು?"

ಅಕ್ಕ ಉತ್ತರ ಕೊಡುವ ಮೊದಲೇ ಮುಂದಿನ ಸಾಲಿನಿಂದ ನೂರರ ಮೇಷ್ಟ್ರು ಎದ್ದರು. ಗತ್ತಿನ ಮನುಷ್ಯ, ಆದರೆ ಅವತ್ತು ದನಿ ಇಳಿದಿತ್ತು. "ಸರ್, ಅಕ್ಕ ಹೇಳಿದ್ದು ನಿಜ. ಮೊದಲನೇ ವರ್ಷ ಇಬ್ಬರನ್ನ ಕಳಿಸಿದೆ. ನೂರು ಬಂತು. ಸನ್ಮಾನ ಮಾಡಿದ್ರಿ. ಮುಂದಿನ ವರ್ಷ ತೊಂಬತ್ತೈದು ಬಂದಿದ್ರೆ ಯಾಕೆ ಬಿತ್ತು ಅಂತ ಇದೇ ಸಭೇಲಿ ನಿಲ್ಲಿಸಿ ಕೇಳ್ತಿದ್ರಿ. ನೂರರಿಂದ ಕೆಳಗಿಳಿಯೋಕೆ ದಾರಿ ಗೊತ್ತಾಗಲಿಲ್ಲ ನನಗೆ."

ಅವರ ಮೇಲೆ ನನಗೆ ಸಿಟ್ಟಿತ್ತು, ಈಗಲೂ ಇದೆ. ಆದರೆ ಆ ಮಾತು ಸುಳ್ಳೆಂದು ಹೇಳಲಾರೆ. ಆ ಪ್ರಶ್ನೆಯನ್ನು ಟೈಪು ಮಾಡಿ ಸಾಹೇಬರ ಕೈಗಿಡುತ್ತಿದ್ದವಳು ನಾನೇ.

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಸಣ್ಣ ಶಾಲೆಗೆ ಒಂದು ವರ್ಷದ ಅವಕಾಶ, ನಮೂನೆಯಲ್ಲಿ ಹದಿನಾಲ್ಕು ಕಾಲಂ, ಶೇಕಡಾ ತೆಗೆಯುವುದು ಒಂಬತ್ತರಲ್ಲಿದ್ದವರ ಮೇಲೆ, ಮೇಲಿನವರಿಗೆ ಹಳೆಯದು ಹೊಸದು ಎರಡೂ ಲೆಕ್ಕ ಕಳಿಸುವುದು ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಮುಖ್ಯೋಪಾಧ್ಯಾಯಿನಿ ಎದ್ದು ಕೈಮುಗಿದು ಕೂತರು.

ಆಮೇಲಿನದನ್ನು ಚುಟುಕಾಗಿ ಹೇಳುತ್ತೇನೆ. ಸಾಹೇಬರಿಗೆ ಮೇಲಿನಿಂದ ಚೆನ್ನಾಗಿ ಪೂಜೆಯಾಯಿತು. ಅಕ್ಕನಿಗೆ ಮೆಮೊ ಬಂತು. 'ತಪ್ಪು ನನ್ನದು' ಎಂದು ಒಂದೇ ಸಾಲಿನ ಉತ್ತರ ಬರೆದರು. ಜೊತೆಗೆ ನಾನೂ ಸಹಿ ಹಾಕುತ್ತೇನೆಂದರೆ ಕಾಗದವನ್ನು ಕೈಗೇ ಸಿಗದಂತೆ ಎಳೆದುಕೊಂಡರು. "ನಿನ್ನ ಬೆರಳು ನಾನು ಹೇಳಿದ್ದನ್ನ ಮಾಡ್ತು, ಹೋಗು, ಟೀ ತರಿಸು" ಎಂದರು. ನಾನು ಟೀ ಹೇಳಲು ಎದ್ದು ಹೋದೆ. ಆ ವರ್ಷ ಕಚೇರಿಯಲ್ಲಿ ಅವರೊಡನೆ ನಗುತ್ತ ಮಾತಾಡುವವರು ಕಡಿಮೆಯಾದರು. ಪ್ರತಿ ಸೋಮವಾರ ಸಂಜೆ ಅವರು ಒಂದೊಂದು ಶಾಲೆಗೆ ಫೋನು ಮಾಡಿ, "ಒಂಬತ್ತರಲ್ಲಿದ್ದವರು ಎಲ್ಲ ಬರ್ತಿದ್ದಾರಾ?" ಎಂದು ಕೇಳುತ್ತಿದ್ದರು. ಬರುತ್ತಿಲ್ಲವೆಂದರೆ ಹೆಸರು ಕೇಳುತ್ತಿದ್ದರು. ತಲೆ ತಿನ್ನುತ್ತಾರೆ ಎಂದು ಮೇಷ್ಟ್ರುಗಳೆಲ್ಲ ಬೈದುಕೊಂಡರು. ಆದರೆ ವರ್ಗಾವಣೆ ಪತ್ರ ಕೈಗಿಟ್ಟು ಕಳಿಸುವುದು ನಿಂತಿತು.

ಮುಂದಿನ ವರ್ಷ ಫಲಿತಾಂಶ ಬಂದ ಮೂರನೇ ದಿನ ಸಣ್ಣ ಶಾಲೆಯ ಮುಖ್ಯೋಪಾಧ್ಯಾಯಿನಿ ನಮೂನೆಯನ್ನು ತಾವೇ ಹಿಡಿದುಕೊಂಡು ಬಂದರು. ಅಕ್ಕ ಅಡಿಪಟ್ಟಿ ಇಟ್ಟು ನೋಡಿದರು. ಒಂಬತ್ತರಲ್ಲಿದ್ದವರು ನಾಲ್ಕು, ಪರೀಕ್ಷೆ ಬರೆದವರೂ ನಾಲ್ಕು, ಪಾಸು ಮೂರು. ಎಪ್ಪತ್ತೈದು. "ಹಸಿರಿಗೆ ಬಂದ್ರಿ" ಎಂದು ಅಕ್ಕ ಮುಖವರಳಿಸಿ ತಲೆಯೆತ್ತಿದರು.

ಮುಖ್ಯೋಪಾಧ್ಯಾಯಿನಿ ಇನ್ನೊಂದು ಕಾಗದ ಮುಂದಿಟ್ಟರು. ಶಾಲೆ ಮುಚ್ಚಲು ಅರ್ಜಿ, ಅವರದೇ ಕೈಬರಹ.

"ಈ ವರ್ಷ ಯಾರೂ ಸೇರಿಲ್ಲ ಅಕ್ಕ. ಎಂಟಕ್ಕೂ ಇಲ್ಲ, ಒಂಬತ್ತಕ್ಕೂ ಇಲ್ಲ, ಹತ್ತಕ್ಕೂ ಇಲ್ಲ. ಎಲ್ಲರನ್ನೂ ಅವರವರ ಶಾಲೇಲೇ ಇಟ್ಕೊಂಡಿದ್ದಾರೆ. ಇಲ್ಲಿ ಎಂಟು, ಒಂಬತ್ತರಲ್ಲಿದ್ದೋರನ್ನೂ ಹಳೇ ಶಾಲೆಯೋರೇ ವಾಪಸ್ಸು ಕರೆಸ್ಕೊಂಡ್ರು. ನನ್ನ ಹತ್ರ ಬರ್ತಿದ್ದೋರೆಲ್ಲ ಬೇರೆಯವರು ಬೇಡ ಅಂದ ಮಕ್ಕಳೇ ಅಲ್ವಾ? ಈಗ ಬೇಡ ಅನ್ನೋರಿಲ್ಲ."

ಅಕ್ಕ ಪೆನ್ಸಿಲು ಕೆಳಗಿಟ್ಟರು. ಕಣ್ಣು ತುಂಬಿಬಂತು. ಮುಚ್ಚಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. "ನಿಮ್ಮ ಶಾಲೆ ಉಳಿಸ್ತೀನಿ ಅಂತ ಹೊರಟು ನಾನೇ ಮುಚ್ಚಿಸಿಬಿಟ್ಟೆನಲ್ಲಮ್ಮ."

"ನೂರರ ಮೇಷ್ಟ್ರು ನನ್ನನ್ನ ಅಲ್ಲಿಗೇ ಕೇಳಿದ್ದಾರೆ. ಓದಿನಲ್ಲಿ ಹಿಂದುಳಿದ ಮಕ್ಕಳದ್ದೇ ಒಂದು ವಿಭಾಗ ಮಾಡಿದ್ದಾರಂತೆ, ಅದನ್ನ ನೀವೇ ನೋಡ್ಕೊಳ್ಳಿ ಅಂದ್ರು. ಹೋಗ್ತೀನಿ. ಗರಗಸ ಇಲ್ಲದೆ ಪಾಠ ಮಾಡೋದು ಹೇಗೆ ಅಂತಾನೇ ಯೋಚನೆ" ಎಂದು ಅವರು ನಕ್ಕರು. ಅಕ್ಕನೂ ಅಳುತ್ತಲೇ ನಕ್ಕರು. ನಾನು ಕಂಪ್ಯೂಟರಿನ ಕಡೆ ತಿರುಗಿ ಕೂತೆ, ನನ್ನ ಕಣ್ಣನ್ನು ಅವರು ನೋಡಬಾರದೆಂದು.

ಮುಚ್ಚುವ ಆದೇಶವನ್ನು ನಾನೇ ಟೈಪು ಮಾಡಬೇಕಿತ್ತು. ಅದರಲ್ಲಿ 'ಮುಚ್ಚಲು ಕಾರಣ' ಎಂಬ ಒಂದು ಸಾಲಿದೆ. ಫಲಿತಾಂಶ ಕಡಿಮೆ, ಕಟ್ಟಡ ಶಿಥಿಲ, ಶಿಕ್ಷಕರ ಕೊರತೆ, ಹೀಗೆ ಏನಾದರೊಂದು ಬರೆಯುವುದು ರೂಢಿ. ಇದ್ಯಾವುದೂ ಅಲ್ಲವಲ್ಲ, ಏನು ಬರೆಯಲಿ ಎಂದು ಅಕ್ಕನನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

"ಮಕ್ಕಳೆಲ್ಲ ತಮ್ಮ ತಮ್ಮ ಶಾಲೆಯಲ್ಲೇ ಇದ್ದಾರೆ ಅಂತ ಬರಿ" ಎಂದರು.

ಹಾಗೇ ಬರೆದೆ. ಸಾಹೇಬರು ಎರಡು ಸಲ ಓದಿ, ಒಂದಕ್ಷರವನ್ನೂ ತಿದ್ದದೆ ಸಹಿ ಹಾಕಿದರು.